ಕೆಂಪುಗಡ್ಡದ ರಾಜ ಹೊಳೆಗಿಳಿದದ್ದು

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಕಾಫಿಗೆ ಒಳ್ಳೆಯ ಧಾರಣೆ ಇದ್ದ ವರ್ಷಗಳು ಮುಗಿಯುತ್ತಿದ್ದಾಗ. ಕಳಸದ ಸುತ್ತಿನ ತೋಟದ ಮನೆಗಳಲ್ಲಿ ಆಗ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಕೆಲವರು ಹೊಸ ಜೀಪು ತಂದರು, ಕೆಲವರು ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿ ಮೊದಲ ಮಳೆಗೇ ಜಾರಿ ಬಿದ್ದರು. ನಮ್ಮ ದೊಡ್ಡಪ್ಪ ಕಂಪ್ಯೂಟರ್ ತಂದರು. "ನಿನ್ನ ಓದಿಗೆ" ಎಂದರು. ನಾನು ಓದುತ್ತಿದ್ದದ್ದು ಚಿಕ್ಕಮಗಳೂರಿನಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು, ಬಿ.ಎ. ಎರಡನೆಯ ವರ್ಷ. ಕಂಪ್ಯೂಟರ್ ಕೂತದ್ದು ತೋಟದ ಆಫೀಸು ಕೋಣೆಯಲ್ಲಿ, ಬಸ್ಸಿನಲ್ಲಿ ಅರ್ಧ ದಿನದ ದಾರಿಯಾಚೆ. ಇದು ಯಾರ ಓದಿಗೆ ಎಂದು ನನಗೆ ಅವತ್ತೇ ಅನುಮಾನ ಬಂತು.

ಅನುಮಾನ ನನಗೆ ಹೊಸದಲ್ಲ. ದೊಡ್ಡಪ್ಪ ಕೊಟ್ಟ ಯಾವುದನ್ನೂ ನಾನು ಹಿಂದೆ ಮುಂದೆ ತಿರುಗಿಸಿ ನೋಡದೆ ತೆಗೆದುಕೊಂಡವಳಲ್ಲ. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ, ಬಚ್ಚಿಟ್ಟುಕೊಂಡು ಕತೆ ಹೇಳುವ ಚಾಲಾಕಿ ನನಗೆ ಬಾರದು. ನನಗೆ ಎಂಟು ವರ್ಷವಾಗಿದ್ದಾಗ, ಮುಂಗಾರು ಹಿಡಿದ ಹೊಸತರಲ್ಲಿ, ಅಪ್ಪ ಮತ್ತು ದೊಡ್ಡಪ್ಪ ಒಂದು ಬೆಳಿಗ್ಗೆ ಭದ್ರಾ ಹೊಳೆ ದಾಟಿ ಆಚೆ ದಡದ ನಮ್ಮ ತೋಟಕ್ಕೆ ಹೋದರು. ಹೊಸ ಕಾಫಿ ಗಿಡ ನೆಡಿಸುವ ಕೆಲಸ ಇತ್ತು. ಮಧ್ಯಾಹ್ನ ದೊಡ್ಡಪ್ಪ ಒಬ್ಬರೇ ಬಂದರು. ಅಪ್ಪ ಸಿಕ್ಕಿದ್ದು ಮೂರನೆಯ ದಿನ, ಎರಡು ತಿರುವು ಕೆಳಗೆ, ಬಿದಿರಿನ ಮೆಳೆಯಲ್ಲಿ.

ಪೊಲೀಸರು ಕಾಲು ಜಾರಿ ಎಂದು ಬರೆದುಕೊಂಡು ಹೋದರು. ಊರು ಹಾಗೆ ಬರೆದುಕೊಳ್ಳಲಿಲ್ಲ. ನಮ್ಮ ತೋಟದ ರೈಟರು, ಅಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತ, ಅವತ್ತು ಈಚೆ ದಡದಲ್ಲಿದ್ದನಂತೆ. ಅವನು ಯಾರ ಮೇಲೂ ಏನೂ ಹೇಳುತ್ತಿರಲಿಲ್ಲ, ಅದೇ ಅವನ ವರಸೆ. "ನಾ ಕಂಡದ್ದು ಇಷ್ಟೆ ಮಾರಾಯ್ರೆ. ಹೋಗುವಾಗ ಇಬ್ರು, ಬರುವಾಗ ಒಬ್ರು. ದೊಡ್ಡ ಯಜಮಾನ್ರ ಗಂಬೂಟು ಕುತ್ತಿಗೇಲಿ ನೇತಾಡ್ತಿತ್ತು. ಚಿಕ್ಕ ಯಜಮಾನ್ರದ್ದು ಹೆಣ ಸಿಕ್ಕಾಗ್ಲೂ ಕಾಲಲ್ಲೇ ಇತ್ತು. ನಂಗೆ ಬೇರೆ ಎಂತದೂ ಗೊತ್ತಿಲ್ಲ." ಇಷ್ಟು ಹೇಳಿ ಬೀಡಿ ಹಚ್ಚುತ್ತಿದ್ದ. ನಮ್ಮ ಕಡೆ ಹೊಳೆಗಿಳಿಯುವ ಮುನ್ನ ಗಂಬೂಟು ಬಿಚ್ಚಿ ಜೋಡಿ ಮಾಡಿ ಕುತ್ತಿಗೆಗೆ ಹಾಕಿಕೊಳ್ಳುವುದು ಸಣ್ಣ ಮಕ್ಕಳಿಗೂ ಗೊತ್ತು. ಬೂಟಿನೊಳಗೆ ನೀರು ತುಂಬಿದರೆ ಕಾಲು ಎತ್ತಲಾಗುವುದಿಲ್ಲ. ಹಾಗಾದರೆ ತಾನು ಬಿಚ್ಚಿಕೊಂಡ ಅಣ್ಣ, ತಮ್ಮನಿಗೆ ಯಾಕೆ ಬಿಚ್ಚು ಎನ್ನಲಿಲ್ಲ? ಮಿಕ್ಕದ್ದನ್ನು ಕೇಳಿದವರೇ ತುಂಬಿಕೊಳ್ಳುತ್ತಿದ್ದರು. ದೊಡ್ಡಪ್ಪನಿಗೆ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ, ತೋಟ ಇನ್ನೂ ಪಾಲಾಗಿರಲಿಲ್ಲ. ಬಾಯಿಗಳಿಗೆ ಇಷ್ಟು ಸಾಕು.

ಅಮ್ಮ ಏನು ನಂಬಿದ್ದಳು ಎಂದು ನಾನು ಕೇಳಬೇಕಾಗಿರಲಿಲ್ಲ. ಅವತ್ತಿನಿಂದ ಅವಳು ಭಾವನ ಜತೆ ಮಾತು ಬಿಟ್ಟಳು. ಇದರಲ್ಲಿ ಒಂದು ಅನುಕೂಲವಿತ್ತು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ತಮ್ಮನ ಹೆಂಡತಿ ಭಾವನೆದುರು ನಿಂತು ಮಾತಾಡುವ ಪದ್ಧತಿಯೇ ಕಡಿಮೆ. ಬಂದವರು ನೋಡಿ, ಎಷ್ಟು ಮರ್ಯಾದಸ್ಥ ಹೆಂಗಸು ಎಂದು ಹೊಗಳಿ ಹೋಗುತ್ತಿದ್ದರು. ಒಂದೇ ಮನೆ, ಒಂದೇ ಒಲೆ. ನಡುವೆ ಮಾತು ಹೊರುವವಳು ನಾನು. "ಊಟಕ್ಕೆ ಬರ್ಬೇಕಂತೆ ಅನ್ನು." "ಬಂದೆ ಅನ್ನು." ಎಂಟನೆಯ ವಯಸ್ಸಿನಿಂದ ಇದೇ ಕೆಲಸ. ಹಾಗಾಗಿ ಇಬ್ಬರ ಮಾತಿನ ಹಿಂದೆ ಏನಿದೆ ಎಂದು ಮೂಸಿ ನೋಡುವ ಚಟ ನನಗೆ ಹತ್ತಿಕೊಂಡಿತು.

ಆ ವರ್ಷದ ಏಪ್ರಿಲಿನಲ್ಲಿ ಪರೀಕ್ಷೆಗೆ ಓದಿಕೊಳ್ಳಲೆಂದು ರಜೆ ಕೊಟ್ಟಿದ್ದರು. ಮನೆಗೆ ಹೊರಡುವ ದಿನ ಹಾಸ್ಟೆಲಿನ ಗೆಳತಿಯೊಬ್ಬಳು ಒಂದು ಸಿ.ಡಿ. ಕೊಟ್ಟಳು. ಅವಳಣ್ಣ ಆಡುತ್ತಿದ್ದ ಆಟ. ಹಿಂದಿನ ಕಾಲದ ರಾಜರುಗಳ ಯುದ್ಧ. "ನೀನು ಹಿಸ್ಟರಿ ಅಲ್ವಾ, ನಿಂಗೆ ಉಪಯೋಗ ಆಗತ್ತೆ" ಎಂದಳು. ನನಗೆ ಹಿಸ್ಟರಿ ಮೇಲೂ ಅಂಥ ನಂಬಿಕೆ ಇರಲಿಲ್ಲ, ಇರಲಿ ಎಂದು ತಂದೆ.

ಆಟದಲ್ಲಿ ಒಬ್ಬೊಬ್ಬ ರಾಜನದು ಒಂದೊಂದು ಕತೆ. ನಾನು ಆರಿಸಿಕೊಂಡದ್ದು ಒಬ್ಬ ಕೆಂಪು ಗಡ್ಡದ ಚಕ್ರವರ್ತಿಯನ್ನು. ಜರ್ಮನಿಯ ಕಡೆಯವನು, ಅರವತ್ತು ದಾಟಿದವನು, ಯೆರೂಸಲೇಮನ್ನು ಗೆದ್ದುಕೊಳ್ಳಲು ಧರ್ಮಯುದ್ಧಕ್ಕೆ ಹೊರಟವನು. ಬೆರಳುದ್ದದ ಬೊಂಬೆ, ಕುದುರೆ ಮೇಲೆ. ನಾವು ಅವನಿಗೆ ಊರು ಕಟ್ಟಿಕೊಡಬೇಕು, ಸೈನ್ಯ ಸೇರಿಸಬೇಕು, ಅವನು ಸಾಯದ ಹಾಗೆ ನೋಡಿಕೊಳ್ಳಬೇಕು. ಅವನು ಸತ್ತರೆ ಆಟ ಸೋತ ಹಾಗೆ.

ಮೊದಲ ದಿನವೇ ದೊಡ್ಡಪ್ಪ ಬೆತ್ತದ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಬೆಳಗಿನ ತಿಂಡಿಯಾದ ಮೇಲೆ ಕರೆಂಟು ಹೋಗುವವರೆಗೆ ಇದು ನಡೆಯುತ್ತಿತ್ತು. ಯುದ್ಧದಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ಅವರ ಕಣ್ಣೆಲ್ಲ ಆಟದೊಳಗಿನ ಆಳುಗಳ ಮೇಲೆ. "ಅಲ್ಲಿ ಮೂರು ಜನ ಸುಮ್ನೆ ನಿಂತಿದಾರೆ ನೋಡು. ಮೇಸ್ತ್ರಿ ಇಲ್ವಾ ಇವ್ರಿಗೆ?" ನಾನು ಮರ ಕಡಿಸಿದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದರು. "ಎಂತ ಮಾರಾಯ್ತಿ, ಒಂದೂ ಬಿಡದೆ ಬೋಳಿಸ್ತೀಯಲ್ಲ, ನಾಳೆ ನೆರಳಿಗೆ ಎಂತ ಮಾಡ್ತಾರೆ?" ಆ ರಾಜ್ಯದಲ್ಲಿ ಕಾಫಿ ಇಲ್ಲ ದೊಡ್ಡಪ್ಪ ಎಂದರೂ ಅವರಿಗೆ ಸಮಾಧಾನವಿಲ್ಲ. ರಾಜನ ಮೇಲೆ ಮಾತ್ರ ಅವರಿಗೆ ವಿಪರೀತ ಕಾಳಜಿ. ಅವನನ್ನು ಮುಂದೆ ಕಳಿಸಬೇಡ, ವಯಸ್ಸಾಗಿದೆ, ಹಿಂದೆ ಇರಲಿ. ನಗು ಬರುತ್ತಿತ್ತು ನನಗೆ. ನಗು ಬಂದದ್ದಕ್ಕೆ ಸಿಟ್ಟೂ ಬರುತ್ತಿತ್ತು. ಈ ಮನುಷ್ಯನ ಪಕ್ಕ ಕೂತು ನಾನು ನಗಬಹುದೇ ಎನ್ನುವುದು ನನಗೆ ಇನ್ನೂ ತೀರ್ಮಾನವಾಗಿರಲಿಲ್ಲ.

ಎಂಟು ಹತ್ತು ದಿನ ಹೀಗೆ ರಾಜನನ್ನು ಕಾಪಾಡಿಕೊಂಡು ಬಂದೆವು. ಐದು ಅಧ್ಯಾಯ ಗೆದ್ದೆವು. ಆರನೆಯದು ತೆರೆಯುವಾಗ ಪರದೆಯ ಮೇಲೆ ಕತೆ ಓದಿ ಹೇಳುತ್ತಾರಲ್ಲ, ಅಲ್ಲಿ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ದಾರಿಯಲ್ಲಿ ಒಂದು ಹೊಳೆ ದಾಟುವಾಗ ರಾಜ ಮುಳುಗಿ ಸತ್ತ. ಅವನ ಕಡೆಯವರು ಹೆಣವನ್ನು ಪೀಪಾಯಿಯಲ್ಲಿಟ್ಟು ವಿನೆಗರ್ ತುಂಬಿ ಮುಂದೆ ಹೊರಟರು. ಈಗ ನಮ್ಮ ಕೆಲಸ ಆ ಪೀಪಾಯಿಯನ್ನು ಯೆರೂಸಲೇಮಿಗೆ ಮುಟ್ಟಿಸುವುದು.

ನಾನು ಕನ್ನಡದಲ್ಲಿ ಹೇಳಿದೆ. ದೊಡ್ಡಪ್ಪ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು.

"ಮುಳುಗಿದ್ನಾ? ಯಾವಾಗ?"

"ಆಗ್ಲೇ. ಹೋದ ಅಧ್ಯಾಯಕ್ಕೂ ಇದಕ್ಕೂ ಮಧ್ಯೆ."

"ನಾವು ಇಲ್ದಾಗ?"

"ನಾವು ಇಲ್ದಾಗ."

"ತೋರಿಸೋದಿಲ್ವಾ?"

ತೋರಿಸುವುದಿಲ್ಲ ಎಂದೆ. ಅವರು ಎದ್ದು ಹೋಗಿ ಎಲೆ ಉಗಿದು ಬಂದರು. ಆಮೇಲೆ ಶುರುವಾಯಿತು ಅವರ ವಿಚಾರಣೆ. ಅಷ್ಟು ಸಾವಿರ ಜನ ಹೊಳೆ ದಾಟಿದರು, ರಾಜ ಒಬ್ಬನೇ ಯಾಕೆ ಮುಳುಗಿದ? ಅವನ ಹಿಂದೆ ಯಾರಿದ್ದರು? ಮಗನೂ ಜತೆಗಿದ್ದ ಎಂದೆಯಲ್ಲ, ಅವನು ಎಲ್ಲಿದ್ದ? ದಡದಲ್ಲಿ ಕಂಡವರು ಯಾರು? "ಮುಳುಗಿದ ಅಂತ ಬರ್ದುಬಿಟ್ರೆ ಆಯ್ತಾ? ಬರೆದವ ಹೊಳೆಗೆ ಇಳಿದಿದ್ನಾ?"

ಊರು ಹನ್ನೊಂದು ವರ್ಷದಿಂದ ಈ ಮನುಷ್ಯನ ಬಗ್ಗೆ ಕೇಳುತ್ತಿದ್ದ ಪ್ರಶ್ನೆಗಳನ್ನೇ ಅವರು ಒಬ್ಬ ಸತ್ತ ರಾಜನ ಬಗ್ಗೆ ಕೇಳುತ್ತಿದ್ದರು, ಅದೂ ನನ್ನ ಮುಂದೆ, ಕಣ್ಣಲ್ಲಿ ಕಣ್ಣಿಟ್ಟು. ತಪ್ಪು ಮಾಡಿದವನು ಇಷ್ಟು ಧೈರ್ಯ ಮಾಡುತ್ತಾನೆಯೇ ಎಂದುಕೊಂಡೆ. ತಪ್ಪು ಮಾಡಿದವನೇ ಇಷ್ಟು ಧೈರ್ಯ ಮಾಡುತ್ತಾನೆ ಎಂದೂ ಅಂದುಕೊಂಡೆ. ಸೀದಾ ಕೇಳಿಬಿಡೋಣ ಎನ್ನಿಸಿತು. ಕೇಳಲಿಲ್ಲ. ನಮ್ಮಪ್ಪನನ್ನು ನೀವು ತಳ್ಳಿದಿರಾ ಎಂದು ಕೇಳಿದರೆ, ಹೌದು ಎಂದರೂ ಇಲ್ಲ ಎಂದರೂ ಆ ಮನೆಯಲ್ಲಿ ನಾನು ಮತ್ತೆ ಊಟಕ್ಕೆ ಕೂರುವುದು ಹೇಗೆ?

ಪೀಪಾಯಿಯ ಅಧ್ಯಾಯ ಆಡಿದೆವು. ಒಂದು ಗಾಡಿಯಲ್ಲಿ ಪೀಪಾಯಿ, ಸುತ್ತ ಸೈನ್ಯ. "ಉಪ್ಪಿನಕಾಯಿ ಹಾಕಿದ ಹಾಗೆ ಹಾಕಿದ್ರಲ್ಲ ಪಾಪ" ಎಂದರು ದೊಡ್ಡಪ್ಪ. ಸ್ವಲ್ಪ ಹೊತ್ತಿನ ಮೇಲೆ, "ಒಳಗೆ ಅವನೇ ಇದಾನೆ ಅಂತ ಎಂತ ಗ್ಯಾರಂಟಿ?" ಎಂದರು. ಮೂರು ಸಲ ಸೋತು ನಾಲ್ಕನೆಯ ಸಲ ಪೀಪಾಯಿ ಊರು ಮುಟ್ಟಿತು. ತುತ್ತೂರಿ ಊದಿದರು. ದೊಡ್ಡಪ್ಪನ ಮುಖದಲ್ಲಿ ಏನೂ ಕಾಣಲಿಲ್ಲ.

"ಕಾಲೇಜಿನಲ್ಲಿ ಪುಸ್ತಕ ಇರುತ್ತಲ್ಲ. ನೋಡ್ಕೊಂಡು ಬಾ" ಎಂದರು. "ಹೇಗೆ ಮುಳುಗಿದ ಅಂತ ಬರ್ದಿರ್ಬೇಕು ಯಾರಾದ್ರೂ."

ಮೇ ತಿಂಗಳಲ್ಲಿ ಪರೀಕ್ಷೆ ಬರೆಯಲು ಹೋದವಳು ಓದಬೇಕಾದ್ದನ್ನು ಬಿಟ್ಟು ಲೈಬ್ರರಿಯಲ್ಲಿ ಆ ರಾಜನನ್ನು ಹುಡುಕಿದೆ. ಒಂದು ದಪ್ಪ ಇಂಗ್ಲಿಷ್ ಪುಸ್ತಕದಲ್ಲಿ ಸಿಕ್ಕ. ಆದರೆ ಅಲ್ಲೂ ಒಂದು ಸಾವಲ್ಲ, ಮೂರು ಸಾವು. ಬಿಸಿಲಿನ ಝಳಕ್ಕೆ ಈಜಲು ಇಳಿದ ಎಂದು ಆ ಕಾಲದಲ್ಲಿ ಬರೆದಿಟ್ಟವರಲ್ಲಿ ಒಬ್ಬ. ದಾಟುವಾಗ ಕುದುರೆ ಎಡವಿ ಬಿದ್ದ ಎಂದು ಇನ್ನೊಬ್ಬ. ಹಿಮ ಕರಗಿ ಬಂದ ತಣ್ಣೀರಿಗೆ ಎದೆ ನಿಂತುಹೋಯಿತು ಎಂದು ಮತ್ತೊಬ್ಬ. ಮೂವರಿಗೂ ತಮ್ಮ ಮಾತಿನಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ಪೀಪಾಯಿಯ ಕತೆಯೂ ಪೂರ್ತಿ ನಿಜವಲ್ಲ. ವಿನೆಗರ್ ಹಿಡಿಯಲಿಲ್ಲ, ಹೆಣ ಕೆಟ್ಟಿತು, ದಾರಿಯ ಊರುಗಳಲ್ಲಿ ಅಷ್ಟಿಷ್ಟು ಹೂತು ಮುಂದೆ ಹೋದರು. ಯೆರೂಸಲೇಮನ್ನು ಅವನು ಮುಟ್ಟಲೇ ಇಲ್ಲ. ಎಲ್ಲವನ್ನೂ ನೋಟ್‌ಬುಕ್ಕಿಗೆ ಬರೆದುಕೊಂಡೆ. ಆಲ್ದೂರಿನಲ್ಲಿ ಬಸ್ಸು ನಿಂತಾಗ ತೆಗೆದು ಓದಿದೆ, ಬಾಳೆಹೊನ್ನೂರಿನಲ್ಲಿ ಮತ್ತೆ ಓದಿದೆ. ಇದನ್ನು ಅವರಿಗೆ ಹೇಳುವಾಗ ಅವರ ಮುಖವನ್ನೇ ನೋಡಬೇಕು ಎಂದು ನಿರ್ಧರಿಸಿದ್ದೆ. ಪತ್ತೇದಾರಿಕೆ ಮಾಡಲು ಹೊರಟಿದ್ದೆ ನಾನು, ಸುಳ್ಳೇಕೆ ಹೇಳಲಿ.

ಮನೆ ಮುಟ್ಟಿದ್ದು ಮರುದಿನ ಹನ್ನೊಂದು ಗಂಟೆಗೆ, ದಾರಿಯಲ್ಲಿ ಸಂಬಂಧಿಕರ ಮನೆಯಲ್ಲಿ ಉಳಿದು. ದೊಡ್ಡಪ್ಪ ಆಫೀಸು ಕೋಣೆಯಲ್ಲೇ ಇದ್ದರು. ಕಂಪ್ಯೂಟರಿಗೆ ಟವೆಲು ಹೊದಿಸಿಟ್ಟಿದ್ದರು. ಕೈಕಾಲು ತೊಳೆಯಲೂ ಬಿಡದೆ ಹೇಳು ಎಂದರು. ಹೇಳಿದೆ. ಪೀಪಾಯಿ ಮುಟ್ಟಲಿಲ್ಲ ಎಂದಾಗ ಅವರಿಗೆ ಸಿಟ್ಟು ಬಂತು. "ಮತ್ತೆ ನಾವು ಮುಟ್ಸಿದ್ದು? ಸುಳ್ಳಾ ಅದು?" ಸುಳ್ಳು ಎಂದೆ.

"ಯಾವ ತಿಂಗಳು ಅಂತ ಇದ್ಯಾ?"

"ಜೂನ್."

ದೊಡ್ಡಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. "ಜೂನಲ್ಲಿ ಹೊಳೆಗೆ ಇಳಿದ್ನಾ?" ಎಂದರು, ಬಹಳ ಮೆಲ್ಲಗೆ. ಆ ದೇಶದಲ್ಲಿ ಜೂನ್ ಅಂದರೆ ಕಡುಬೇಸಿಗೆ, ಮಳೆಯೇ ಇಲ್ಲ ಎಂದು ನಾನು ವಿವರಿಸಿದೆ. ಅದು ಅವರ ಕಿವಿಗೆ ಹೋಗಲಿಲ್ಲ. ನಮ್ಮ ಗುಡ್ಡಗಳಲ್ಲಿ ಹುಟ್ಟಿದವರಿಗೆ ಬೇರೆ ಜೂನ್ ಇಲ್ಲ. ಜೂನ್ ಅಂದರೆ ಬೆಳಿಗ್ಗೆ ಮೊಣಕಾಲು ನೀರು, ಮೇಲೆ ಕುದುರೆಮುಖದ ಕಡೆ ಎಲ್ಲೋ ಸುರಿದರೆ ಮಧ್ಯಾಹ್ನಕ್ಕೆ ಎದೆಮಟ್ಟ. ಅವರು ಕಾಣುತ್ತಿದ್ದದ್ದು ಯಾವ ಹೊಳೆ ಎಂದು ನನಗೆ ಗೊತ್ತಾಯಿತು.

"ಮೈ ಮೇಲೆ ಎಂತ ಇತ್ತು ಅವನಿಗೆ?"

"ಕಬ್ಬಿಣದ ಅಂಗಿ ಇದ್ದಿರಬಹುದು ಅಂತಾರೆ. ಅದರ ಭಾರಕ್ಕೆ ಏಳೋಕೆ ಆಗ್ಲಿಲ್ಲ ಅಂತ."

"ಬಿಚ್ಕೊಳ್ಬಹುದಿತ್ತಲ್ಲ?"

"ಅದನ್ನ ಒಬ್ಬರೇ ಬಿಚ್ಚೋಕೆ ಆಗಲ್ಲ ದೊಡ್ಡಪ್ಪ. ಪಟ್ಟಿ, ಕೊಂಡಿ ಎಲ್ಲಾ ಬೇರೆಯವರು ಕಟ್ಟಬೇಕು, ಬೇರೆಯವರೇ ಬಿಚ್ಚಬೇಕು. ಅದಕ್ಕೆ ಅಂತಲೇ ಜನ ಇರ್ತಿದ್ರು."

ಇದನ್ನು ನಾನು ಸುಮ್ಮನೆ ಹೇಳಿದ್ದು. ಬಲೆ ಬೀಸಿದ ಮಾತುಗಳು ಬೇರೆ ಇದ್ದವು, ಅವು ಯಾವುದಕ್ಕೂ ಅವರು ಬಿದ್ದಿರಲಿಲ್ಲ. ಇದನ್ನು ಕೇಳಿ ಅವರು ಕಿಟಕಿಯ ಕಡೆ ತಿರುಗಿದರು. ಹೊರಗೆ ಕಣದಲ್ಲಿ ಯಾರೋ ಒಣಹಾಕಿದ ಕಾಳುಮೆಣಸು ಎಳೆಯುವ ಸದ್ದು ಕೇಳುತ್ತಿತ್ತು.

"ಅವತ್ತು ಅವನಿಗೆ ಅಂಗಿ ಕಟ್ಟಿದವ ಯಾರು? ಅವನ ಹೆಸರು ಉಂಟಾ ಪುಸ್ತಕದಲ್ಲಿ?"

"ಇಲ್ಲ."

"ಇರೋದಿಲ್ಲ" ಎಂದರು. "ಅವ ಆಮೇಲೆ ಎಂತ ಆದ ಅಂತಲೂ ಇರೋದಿಲ್ಲ." ಆಮೇಲೆ ನನ್ನ ಕಡೆ ನೋಡದೆ, ಟವೆಲು ಹೊದ್ದ ಕಂಪ್ಯೂಟರಿಗೆ ಹೇಳುವವರ ಹಾಗೆ ಹೇಳಿದರು. "ನಿನ್ನಪ್ಪನ ಬೂಟು ಕಟ್ಟಿದವ ನಾನು."

ನಮ್ಮ ಕಡೆ ಮಳೆಗಾಲದ ತೋಟದಲ್ಲಿ ಇಂಬಳದ ಕಾಟ. ಸಣ್ಣ ಜಿಗಣೆ, ಹುಲ್ಲಿನ ತುದಿಯಿಂದ ಕಾಲಿಗೆ ಹತ್ತಿ ರಕ್ತ ಹೀರಿ ಉದುರುವಾಗಲೇ ಗೊತ್ತಾಗುವುದು. ಗಂಬೂಟಿನ ಬಾಯಿಯಿಂದ ಒಳಗಿಳಿಯಬಾರದೆಂದು ಹಳೆಯ ಜೀಪಿನ ಟ್ಯೂಬನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಬೂಟಿನ ಮೇಲಂಚಿಗೆ ಸುತ್ತಿ ಗಂಟು ಹಾಕುತ್ತಿದ್ದರು. ಎಲ್ಲರೂ ಮಾಡುವ ಕೆಲಸ. ಎಲ್ಲರೂ ಮಾಡುವ ಕೆಲಸವಾದ್ದರಿಂದ ಅಪ್ಪನ ಹೆಣದ ಮೇಲೆ ಆ ಪಟ್ಟಿಗಳನ್ನು ಕಂಡ ಯಾರಿಗೂ ಏನೂ ಅನ್ನಿಸಲಿಲ್ಲ. ದೊಡ್ಡಪ್ಪ ಅವತ್ತು ಮನೆಯ ಮೆಟ್ಟಿಲ ಮೇಲೆ ತಮ್ಮನನ್ನು ಕೂರಿಸಿ ಎರಡೂ ಕಾಲಿಗೆ ತಾವೇ ಬಿಗಿದರಂತೆ, ಎಂದಿಗಿಂತ ಒಂದು ಸುತ್ತು ಹೆಚ್ಚು. ಬೆಳಿಗ್ಗೆ ದಾಟುವಾಗ ನೀರು ಬೂಟಿಗಿಂತ ಕೆಳಗಿತ್ತು. ಮಧ್ಯಾಹ್ನ ಬರುವಾಗ ಏರಿತ್ತು.

"ಬಿಚ್ಚು ಅಂದೆ. ಅವ ಕೂತು ಎಳೆದ. ನೆನೆದ ರಬ್ಬರು, ಗಂಟು ಬರ್ಲಿಲ್ಲ. ನಾನೂ ಎಳ್ದೆ. ಕತ್ತಿ ಆಚೆ ಶೆಡ್ಡಲ್ಲಿ ಬಿಟ್ಟು ಬಂದಿದ್ದೆ. ಹೋಗಿ ತರ್ತೇನೆ ಅಂದೆ. ಅಷ್ಟೊತ್ತಿಗೆ ಇನ್ನೂ ಏರ್ತದೆ, ತೊಡೆಮಟ್ಟ ಅಲ್ವಾ, ನಡಿ ಅಂದ ಅವ. ನಾನು ಹೂಂ ಅಂದೆ." ತಮ್ಮ ಕಾಲು ನೋಡಿಕೊಂಡು, "ನನ್ನ ಬೂಟು ನಾನು ಬಿಚ್ಕೊಂಡಿದ್ದೆ" ಎಂದರು.

ನಡುಹೊಳೆಯಲ್ಲಿ ಅಪ್ಪ ಕಾಲು ಎತ್ತಲಾರದೆ ನಿಂತರಂತೆ. ದೊಡ್ಡಪ್ಪ ಕೈ ಹಿಡಿದಿದ್ದರಂತೆ. ಆಮೇಲೆ ಹಿಡಿದಿರಲಿಲ್ಲ. ಅದು ಹೇಗೆ ಎಂದು ಅವರಿಗೂ ಗೊತ್ತಿಲ್ಲ.

ಇದನ್ನು ಹನ್ನೊಂದು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಿದ ದನಿಯಲ್ಲಿ ಕರುಣೆ ಇರಲಿಲ್ಲ. ಹೇಳಿದರೆ ಯಾರು ನಂಬುತ್ತಿದ್ದರು ಎಂದರು. ನಾನು ನಂಬಿದೆನೇ? ಅರ್ಧ ನಂಬಿದೆ. ಇನ್ನರ್ಧ, ರಾಜನ ಕಬ್ಬಿಣದಂಗಿಯ ಮಾತು ನಾನು ಎತ್ತಿದ ಮೇಲೆ ಇವರಿಗೆ ಈ ಕತೆ ಹೊಳೆಯಿತೇ ಎಂದು ಒಳಗೆ ಕೊರೆಯುತ್ತಲೇ ಇತ್ತು. ಅಳುತ್ತಿದ್ದ ಮುದುಕನ ಮುಂದೆ ಕೂತು ಹೀಗೆ ಯೋಚಿಸಿದೆ ಎಂದು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಪರೀಕ್ಷಿಸಲು ಒಂದೇ ದಾರಿ ಇತ್ತು, ಆ ಬೆಳಿಗ್ಗೆ ಮನೆಯಲ್ಲಿದ್ದ ಅಮ್ಮನನ್ನು ಕೇಳುವುದು. ಸೀದಾ ಹಿತ್ತಲಿಗೆ ಹೋದೆ. ಅಮ್ಮ ಚಾಪೆಯ ಮೇಲೆ ಹಲಸಿನ ಹಪ್ಪಳ ತಟ್ಟುತ್ತಿದ್ದಳು. ಕೇಳಿದ್ದನ್ನೆಲ್ಲ ಹೇಳಿದೆ, ಒಂದು ಮಾತೂ ಬಿಡದೆ. ಅವಳು ನಂಬುವುದಿಲ್ಲ, ಅದೆಲ್ಲ ಕಟ್ಟುಕತೆ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹಪ್ಪಳ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಬಿಗಿಯಾಗಿ ಯಾಕೆ ಕಟ್ಟಿದ್ದು ಅಂತ ಹೇಳಿದ್ರಾ?"

"ಇಂಬಳ ಒಳಗೆ ಹೋಗಬಾರದು ಅಂತ."

"ಹಾಗೆ ಕಟ್ಟು ಅಂದದ್ದು ಯಾರು ಅಂತ?"

"ಯಾರೂ ಅಂತ ಹೇಳ್ಲಿಲ್ಲ. ನಾನೇ ಕಟ್ಟಿದ್ದು ಅಂದ್ರು."

ಈಗ ಅವಳ ಕೈ ನಿಂತಿತು. "ನನ್ನ ಹೆಸರು ಬರ್ಲೇ ಇಲ್ವಾ?"

"ನಿನ್ನ ಹೆಸರು ಯಾಕೆ ಬರ್ಬೇಕು?"

ಅಮ್ಮ ಎಣ್ಣೆಗೈಯನ್ನು ಸೆರಗಿಗೆ ಒರೆಸಿದಳು. ಹಿಂದಿನ ವಾರ ಇಂಬಳ ಕಚ್ಚಿದ ಜಾಗ ಅಪ್ಪನ ಮೀನಖಂಡದಲ್ಲಿ ಹುಣ್ಣಾಗಿತ್ತಂತೆ. ಮೂಡಿಗೆರೆಯ ಡಾಕ್ಟರು ಔಷಧಿ ಕೊಟ್ಟು, ನೀರು ಸೋಕಿಸಬೇಡಿ ಎಂದಿದ್ದರಂತೆ. "ಇವ್ರು ನನ್ನ ಮಾತು ಕೇಳೋವ್ರಲ್ಲ. ಅದಕ್ಕೆ ಭಾವಂಗೆ ಹೇಳ್ದೆ. ಒಂದೂ ಇಂಬಳ ಒಳಗೆ ಹೋಗಬಾರ್ದು, ಬಿಗಿಯಾಗಿ ಕಟ್ಟಿ ಭಾವ ಅಂದೆ. ಹೊಳೆ ದಾಟುವಾಗ್ಲೂ ಬಿಚ್ಚೋಕೆ ಬಿಡ್ಬೇಡಿ ಅಂದೆ. ಆಗ ಮಾತಾಡ್ತಿದ್ದೆ ಅಲ್ದಾ ಅವ್ರ ಹತ್ರ."

ನಾನು ಚಾಪೆಯಂಚಿನಲ್ಲಿ ಕೂತೆ. ಅವಳು ಹೇಳುತ್ತಾ ಹೋದಳು. ಮೊದಮೊದಲು ಭಾವ ಪೊಲೀಸರಿಗೆ ಹೇಳುತ್ತಾರೆ ಎಂದು ಹೆದರಿದ್ದಳು. ಆಮೇಲೆ ಊರಿಗೆ ಹೇಳುತ್ತಾರೆ ಎಂದು. ಅವರು ಯಾರಿಗೂ ಹೇಳಲಿಲ್ಲ. ಅವರು ಸುಮ್ಮನಿದ್ದಷ್ಟೂ ಇವಳಿಗೆ ಅವರ ಎದುರು ನಿಲ್ಲಲಾಗಲಿಲ್ಲ. ಅಷ್ಟರಲ್ಲಿ ರೈಟರು ಬೀಡಿ ಹಚ್ಚಿಕೊಂಡು ತನ್ನ ಮಾತು ಶುರು ಮಾಡಿದ್ದ.

"ತಳ್ಳಿದ್ರು ಅಂತ ಜನ ಅಂದಾಗ ನಂಗೆ ಸಮಾಧಾನ ಆಯ್ತು ಕಣೇ" ಎಂದಳು ಅಮ್ಮ. "ಅವ್ರು ತಳ್ಳಿದ್ರೆ ನನ್ನ ತಪ್ಪಲ್ಲ ಅಲ್ದಾ? ನಂಬಿದೆ. ನಂಬ್ಬೇಕು ಅಂತ ನಂಬಿದೆ."

ಅವಳ ಮೇಲೆ ನನಗೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿಲ್ಲ. ಎಂಟು ವರ್ಷದವಳ ತಲೆಯಲ್ಲಿ ಆ ಹುಳ ಬಿಟ್ಟವಳು ಇವಳು, ಒಂದು ಮಾತೂ ಆಡದೆ. ಈಗಲೇ ಹೋಗಿ ದೊಡ್ಡಪ್ಪನಿಗೆ ಹೇಳು ಎಂದು ಕೈ ಹಿಡಿದು ಎಳೆದೆ. "ನಾಳೆ ಹೇಳ್ತೇನೆ" ಎಂದಳು. "ನೀ ಹೇಳ್ಬೇಡ. ನಾನೇ ಹೇಳ್ಬೇಕು." ಮಾತು ಹೊರುವ ಕೆಲಸದಿಂದ ಅವಳು ನನ್ನನ್ನು ಬಿಡಿಸಿದ್ದು ಅದೊಂದೇ ವಿಷಯದಲ್ಲಿ.

ನಾಳೆ ಬಂತು, ಅವಳು ಹೇಳಲಿಲ್ಲ. ಆ ಮಳೆಗಾಲ ಕಳೆಯಿತು, ಕಾಫಿ ಕೊಯ್ಲು ಬಂತು, ಧಾರಣೆ ಬಿತ್ತು, ಕಂಪ್ಯೂಟರ್ ಕೆಟ್ಟಿತು. ನಾನು ರಜೆಗೆ ಬಂದಾಗಲೆಲ್ಲ ಅವಳ ಮುಖ ನೋಡುತ್ತಿದ್ದೆ, ಅವಳು ತಲೆ ತಗ್ಗಿಸುತ್ತಿದ್ದಳು. ಎಷ್ಟೋ ಸಲ ಆಫೀಸು ಕೋಣೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದಳಂತೆ. ದೊಡ್ಡಪ್ಪನೂ ನನ್ನ ಜತೆ ಆ ಮಾತು ಮತ್ತೆ ಎತ್ತಲಿಲ್ಲ. ನಾನು ಅವರನ್ನು ಪೂರ್ತಿ ನಂಬಿದ್ದೇನೆ ಎಂದು ಅವರಿಗೆ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಿತ್ತು. ಅಮ್ಮನನ್ನು ಬೈಯುವ ನಾಲಗೆಗೆ ಇದೊಂದು ಬರಲಿಲ್ಲ.

ನಾಲ್ಕು ವರ್ಷ ಹೀಗೇ ಹೋಯಿತು. ಒಂದು ಜನವರಿಯ ಮಧ್ಯಾಹ್ನ, ಕೊಯ್ಲಿನ ನಡುವೆ, ದೊಡ್ಡಪ್ಪ ಕಣದಲ್ಲಿ ಕಾಫಿ ನೋಡುತ್ತ ನಿಂತವರು ಕುಸಿದರು. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು.

ನಾನು ಮರುದಿನ ಬೆಳಿಗ್ಗೆ ಮುಟ್ಟಿದೆ. ಜಗಲಿಯಲ್ಲಿ ಮಲಗಿಸಿದ್ದರು. ಅಂಗಳದ ತುಂಬ ಜನ, ಸುತ್ತಿನ ತೋಟದವರು, ಆಳುಗಳು, ಪೇಟೆಯ ಅಂಗಡಿಯವರು. ತಲೆ ಪೂರ್ತಿ ನೆರೆತ ರೈಟರು ಮುಂದೆಯೇ ನಿಂತಿದ್ದ. ಒಳ್ಳೆಯ ಮನುಷ್ಯ ಎನ್ನುತ್ತಿದ್ದರು ಎಲ್ಲರೂ, ಮತ್ತು ಹೇಳಿ ಮುಗಿಸಿದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. "ಹೊಳೆಯ ಗುಟ್ಟು ಹೊಳೆಗೇ ಹೋಯ್ತು ಮಾರಾಯ್ರೆ" ಎಂದು ರೈಟರು ಪಕ್ಕದವನಿಗೆ ಹೇಳಿದ್ದು ನನಗೆ ಕೇಳಿತು. ಬಾಗಿಲಲ್ಲಿದ್ದ ಅಮ್ಮನಿಗೂ ಕೇಳಿತು.

ಅವಳು ಹೊಸ್ತಿಲು ದಾಟಿ ಜಗಲಿಗೆ ಬಂದಳು. ಭಾವ ಬದುಕಿದ್ದಾಗ ಗಂಡಸರ ಮುಂದೆ ಹಾಗೆ ಬಂದವಳಲ್ಲ.

"ಇವ್ರ ತಪ್ಪಿಲ್ಲ" ಎಂದಳು. "ಬೂಟು ಬಿಗಿಯಾಗಿ ಕಟ್ಟಿ ಅಂದವಳು ನಾನು. ಬಿಚ್ಚೋಕೆ ಬಿಡ್ಬೇಡಿ ಅಂದವಳೂ ನಾನೇ. ಇವ್ರು ನನ್ನ ಹೆಸರು ಹೇಳ್ಲಿಲ್ಲ."

ಈಗ ಎಲ್ಲ ಸರಿಹೋಗುತ್ತದೆ ಎಂದು ನಾನು, ಹುಟ್ಟಾ ಅನುಮಾನದವಳು, ಒಂದು ಗಳಿಗೆ ನಂಬಿದೆ. ಆಮೇಲೆ ಹೆಂಗಸರ ಗುಂಪಿನಲ್ಲಿ ಒಬ್ಬಳು ಇನ್ನೊಬ್ಬಳ ಕೈ ಚಿವುಟಿದ್ದು ಕಂಡಿತು. ಯಾರೋ "ಪಾಪ, ದುಃಖಕ್ಕೆ ಏನೇನೋ ಅಂತಾರೆ, ಒಳಗೆ ಕರ್ಕೊಂಡು ಹೋಗಿ" ಎಂದರು. ರೈಟರು ನನ್ನ ಹತ್ತಿರ ಬಂದು, ದನಿ ಇಳಿಸಿ, "ಅಮ್ಮೋರದ್ದು ದೊಡ್ಡ ಮನಸ್ಸು. ಸತ್ತವ್ರ ಮರ್ಯಾದೆ ಉಳಿಸಿದ್ರು" ಎಂದ. ಅವನ ಕಣ್ಣು ಮಾತ್ರ ಅಮ್ಮನನ್ನೂ ಜಗಲಿಯ ಹೆಣವನ್ನೂ ಒಂದರ ನಂತರ ಒಂದು ಅಳೆಯುತ್ತಿತ್ತು. ಈ ಹೆಂಗಸು ಇವರಿಗಾಗಿ ಸುಳ್ಳು ಹೇಳುವುದಾದರೆ ಇಷ್ಟು ವರ್ಷ ಈ ಮನೆಯಲ್ಲಿ ಏನು ನಡೆಯುತ್ತಿತ್ತು ಎಂಬ ಹೊಸ ಲೆಕ್ಕ ಆಗಲೇ ಶುರುವಾಗಿತ್ತು.

ಅವನ ಕೊರಳುಪಟ್ಟಿ ಹಿಡಿಯಲು ನಾನು ಕೈ ಎತ್ತಿದ್ದೆ. ಅಷ್ಟರಲ್ಲಿ ಅಮ್ಮ ಜಗಲಿಯಿಂದ ಒಂದು ಮೆಟ್ಟಿಲು ಇಳಿದು, ಯಾರೂ ನಂಬದ ಅದೇ ಮಾತನ್ನು ಮೊದಲಿನಿಂದ, ಇನ್ನೂ ಜೋರಾಗಿ ಹೇಳಲು ಶುರು ಮಾಡಿದಳು.